ಕೈತೋಟದ ಪ್ರಶ್ನೋತ್ತರ: ದುಡ್ಡು ಸುರಿಯದೆ ತರಕಾರಿ ಬೆಳೆಯುವುದು ಹೇಗೆ?

ಬಳಗದ ನಿರ್ವಾಹಕರು: ನಮ್ಮ ಕೈತೋಟ ಬಳಗದಲ್ಲಿ ಈ ವಾರದಿಂದ ಪ್ರಶ್ನೋತ್ತರ. ಉತ್ತರ ಕೊಡುವವರು ತೋಟಗಾರಿಕೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ, ಈಗ ಮೈಸೂರಿನ ತಮ್ಮ ಮನೆಯ ಹಿತ್ತಲಲ್ಲೂ ತಾರಸಿಯಲ್ಲೂ ತರಕಾರಿ ಬೆಳೆಯುತ್ತಿರುವ ಮೇಡಂ. ಪ್ರಶ್ನೆಯ ಜೊತೆಗೆ ನಿಮ್ಮ ಊರು, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಈವರೆಗೆ ಗಿಡಕ್ಕೆ ಏನೇನು ಹಾಕಿದ್ದೀರಿ ಎಂಬುದನ್ನು ಬರೆಯಿರಿ. ಚಿತ್ರವಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ (ಬೆಂಗಳೂರು, ತಾರಸಿ): ನಮಸ್ಕಾರ ಮೇಡಂ. ಮೂರು ತಿಂಗಳ ಹಿಂದೆ ಬಹಳ ಆಸೆಯಿಂದ ತೋಟ ಶುರು ಮಾಡಿದೆ. 12 ಗ್ರೋ ಬ್ಯಾಗ್, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಗಳು, ಸಿದ್ಧ ಮಣ್ಣಿನ ಚೀಲ, ಮೂರು ಬಗೆಯ ದ್ರವಗೊಬ್ಬರದ ಬಾಟಲಿ ಎಲ್ಲ ಸೇರಿ 3,400 ರೂಪಾಯಿ ಆಯಿತು. ಬಿಸಿಲು ಆರು ಗಂಟೆ ಇದೆ. ಟೊಮೆಟೊ ಗಿಡಗಳು ಕಡ್ಡಿಯಂತೆ ಎದ್ದು ಹಳದಿಯಾಗಿವೆ. ಇದುವರೆಗೆ ಸಿಕ್ಕಿದ್ದು ಏಳು ಕಾಯಿ, ಅದರಲ್ಲಿ ನಾಲ್ಕರ ತಳ ಕಪ್ಪಾಗಿ ಚಪ್ಪಟೆಯಾಗಿತ್ತು. ಅಂಗಡಿಯವರನ್ನು ಕೇಳಿದರೆ ಕ್ಯಾಲ್ಸಿಯಂ ಬಾಟಲಿ ಕೊಂಡು ಸಿಂಪಡಿಸಿ ಎಂದರು. ಕೊಳ್ಳಲೇ? ಮೂರು ಚಿತ್ರ ಹಾಕಿದ್ದೇನೆ.

ಉತ್ತರ: ಕೊಳ್ಳಬೇಡಿ. ಈ ತಿಂಗಳು ತೋಟಕ್ಕೆಂದು ಒಂದು ರೂಪಾಯಿಯನ್ನೂ ಕೈಯಿಂದ ಬಿಡಬೇಡಿ.

ನಿಮ್ಮ ಎರಡನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಚೀಲದ ಒಳಮೈಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದೆ. ಅಂಚಿನಲ್ಲಿ ಉಪ್ಪು ಕಟ್ಟಿದಂತೆ ಬೆಳ್ಳಗಿದೆ. ಚೀಲದಲ್ಲಿ ಇರುವುದು ಹೆಚ್ಚುಕಡಿಮೆ ಬರೀ ಕೋಕೋಪೀಟ್. ಅದು ಒಮ್ಮೆ ಪೂರ್ತಿ ಒಣಗಿತೆಂದರೆ ಕುಗ್ಗುತ್ತದೆ, ಮತ್ತೆ ಸುಲಭವಾಗಿ ನೀರು ಕುಡಿಯುವುದಿಲ್ಲ. ನೀವು ಹಾಕಿದ ಚೊಂಬು ನೀರು ಆ ಸಂದಿನಲ್ಲಿ ಇಳಿದು ತಳದ ತೂತಿನಿಂದ ಹೊರಗೆ ಹೋಗುತ್ತದೆ. ತಾರಸಿ ಒದ್ದೆಯಾಗಿರುವುದನ್ನು ಕಂಡು ಗಿಡಕ್ಕೆ ನೀರು ಸಾಕಾಯಿತು ಎಂದುಕೊಳ್ಳುತ್ತೀರಿ, ನಡುವಿನ ಬೇರು ಬಾಯಾರಿಯೇ ಇರುತ್ತದೆ. ತೆಂಗಿನ ನಾರಿನ ಪುಡಿಯಲ್ಲಿ ಗಿಡಕ್ಕೆ ಬೇಕಾದ ಸಾರ ಬಹಳ ಕಡಿಮೆ. ಸರಿಯಾಗಿ ತೊಳೆಯದಿದ್ದರೆ ಉಪ್ಪಿನಂಶ ಮಾತ್ರ ಧಾರಾಳವಾಗಿ ಇರುತ್ತದೆ. ಗಿಡ ಹಳದಿಯಾಗಿರುವುದಕ್ಕೆ ಹಸಿವೇ ಕಾರಣ.

ಕಾಯಿಯ ತಳ ಕಪ್ಪಾಗುವುದನ್ನು ತುದಿ ಕೊಳೆ ಎನ್ನುತ್ತೇವೆ. ಇದು ಒಂದು ಗಿಡದಿಂದ ಇನ್ನೊಂದಕ್ಕೆ ಅಂಟುವ ರೋಗವಲ್ಲ. ಕ್ಯಾಲ್ಸಿಯಂ ನೀರಿನ ಜೊತೆಗೇ ಹರಿದು ಕಾಯಿಯ ತುದಿ ಮುಟ್ಟಬೇಕು. ಒಂದು ದಿನ ಕೆಸರು, ಎರಡು ದಿನ ಬರಗಾಲ ಎಂಬಂತೆ ನೀರು ಕೊಟ್ಟರೆ ಆ ಹರಿವು ತುಂಡಾಗುತ್ತದೆ, ಎಲ್ಲಕ್ಕಿಂತ ದೂರದಲ್ಲಿರುವ ತುದಿ ಮೊದಲು ಸಾಯುತ್ತದೆ. ತೊಳೆಯದ ಕೋಕೋಪೀಟ್ ಇರುವ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಕುದಿಸಿದ ಪಾತ್ರೆಯ ತಳದಲ್ಲಿ ಬೆಳ್ಳಗೆ ಕಟ್ಟುತ್ತದಲ್ಲ, ಅದರಲ್ಲಿ ಬಹುಪಾಲು ಕ್ಯಾಲ್ಸಿಯಂ. ಅದನ್ನು ಬಾಟಲಿಯಲ್ಲಿ ಕೊಂಡು ತರಬೇಕಾಗಿಲ್ಲ, ನೀರು ಹಾಕುವ ಕ್ರಮ ಸರಿಪಡಿಸಬೇಕು.

ಈಗ ಮಾಡಬೇಕಾದದ್ದು ಇಷ್ಟು. ಚೀಲಗಳನ್ನು ಗೋಣಿಯ ಮೇಲೆ ಸುರಿದು, ಆ ಪುಡಿಯನ್ನು ಬಕೆಟ್ಟಿನಲ್ಲಿ ಎರಡು ಮೂರು ನೀರು ತೊಳೆದು ಹಿಂಡಿ. ನಿಮ್ಮ ಬಡಾವಣೆಯಲ್ಲಿ ಎಲ್ಲಾದರೂ ಮನೆ ಕಟ್ಟಲು ಪಾಯ ಅಗೆಯುತ್ತಿರುತ್ತಾರೆ. ಮೇಸ್ತ್ರಿಯನ್ನು ಕೇಳಿ ಸಿಮೆಂಟು, ಸುಣ್ಣ ಬೆರೆಯದ ಕೆಮ್ಮಣ್ಣು ನಾಲ್ಕು ಚೀಲ ತನ್ನಿ. ಎರಡು ಬುಟ್ಟಿ ಕೆಮ್ಮಣ್ಣು, ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಮನೆಯ ಕಾಂಪೋಸ್ಟ್, ಒಂದು ಬುಟ್ಟಿ ತೊಳೆದ ನಾರಿನ ಪುಡಿ ಬೆರೆಸಿ. ಬಕೆಟ್ಟಿಗೊಂದು ಹಿಡಿ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ ಸೇರಲಿ. ಗೊಬ್ಬರ ಹಳೆಯದಾಗಿದೆಯೇ ಎಂದು ಮೂಗು ಹೇಳುತ್ತದೆ. ಸಗಣಿಯ ವಾಸನೆ ಹೋಗಿ, ಮೊದಲ ಮಳೆ ಬಿದ್ದ ನೆಲದ ವಾಸನೆ ಬಂದಿರಬೇಕು. ಹಸಿ ಗೊಬ್ಬರ ಬೇರನ್ನು ಸುಡುತ್ತದೆ. ನಿವೃತ್ತಿಯಾದ ವರ್ಷ ನಾನು ಅವಸರಪಟ್ಟು ಕಳಿಯದ ಕೋಳಿ ಗೊಬ್ಬರ ಹಾಕಿ ಇಪ್ಪತ್ತು ಬದನೆ ಸಸಿ ಕಳೆದುಕೊಂಡೆ. ಇಂದಿಗೂ ಆ ಸಾಲು ನೆನಪಿದೆ.

ಹದ ನೋಡುವ ಬಗೆ: ಬೆರೆಸಿದ ಮಣ್ಣಿಗೆ ನೀರು ಚಿಮುಕಿಸಿ ಮುಷ್ಟಿಯಲ್ಲಿ ಹಿಸುಕಿ ಕೈ ಬಿಡಿಸಿ. ಉಂಡೆ ನಿಲ್ಲಬೇಕು, ಹೆಬ್ಬೆರಳಿನಿಂದ ಮುಟ್ಟಿದರೆ ಉದುರಬೇಕು. ಉಂಡೆಯೇ ಆಗದಿದ್ದರೆ ಮಣ್ಣು ಕಡಿಮೆ. ಮುಟ್ಟಿದರೂ ಒಡೆಯದೆ ಅಂಟಿಕೊಂಡರೆ ಗೊಬ್ಬರ, ನಾರು ಕಡಿಮೆ.

ಸಸಿ ನೆಟ್ಟ ಮೇಲೆ ಎರಡು ಅಂಗುಲ ದಪ್ಪ ತರಗೆಲೆ ಹೊದಿಸಿ. ನೀರು ಹಾಕುವ ಮುಂಚೆ ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಇಳಿಸಿ ನೋಡಿ. ತಂಪಿದ್ದರೆ ಅಂದು ನೀರು ಬೇಡ.

ಪ್ರಶ್ನೆ (ಅದೇ ಸದಸ್ಯರು): ತುಂಬಾ ಧನ್ಯವಾದ ಮೇಡಂ. ಮೊಟ್ಟೆಯ ಸಿಪ್ಪೆ ಪುಡಿ ಮಾಡಿ ಹಾಕಿದರೆ ತುದಿ ಕೊಳೆ ನಿಲ್ಲುತ್ತದೆ ಎಂದು ಎಲ್ಲ ಕಡೆ ಹೇಳುತ್ತಾರಲ್ಲ? ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು?

ಉತ್ತರ: ಮೊಟ್ಟೆಯ ಸಿಪ್ಪೆ ಮಣ್ಣಿನಲ್ಲಿ ಕರಗಲು ತಿಂಗಳುಗಟ್ಟಲೆ ಬೇಕು. ಈ ಬೆಳೆಯ ಕಾಯಿಗೆ ಅದು ಸಿಗುವುದಿಲ್ಲ. ಎಸೆಯಬೇಡಿ, ಕಾಂಪೋಸ್ಟಿಗೆ ಹಾಕಿ. ಬಾಳೆಸಿಪ್ಪೆಯೂ ಅಲ್ಲಿಗೇ ಹೋಗಲಿ. ನೆನೆಸಿಟ್ಟ ನೀರಿನಲ್ಲಿ ಸಾರಕ್ಕಿಂತ ಹುಳಿ ವಾಸನೆ ಮತ್ತು ಹಣ್ಣಿನ ಗುಂಗುರು ಹೆಚ್ಚು. ಅಡುಗೆಮನೆಯಿಂದ ನೇರವಾಗಿ ಗಿಡಕ್ಕೆ ಹೋಗಬಹುದಾದದ್ದು ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಉಪ್ಪು ಹಾಕದೆ ತರಕಾರಿ ಬೇಯಿಸಿ ಆರಿಸಿದ ನೀರು. ಸಕ್ಕರೆ ಹಾಕಿ ಕುದಿಸಿದ ಚಹಾ ಪುಡಿಯನ್ನು ತೊಳೆಯದೆ ಹಾಕಿದರೆ ಇರುವೆ ಬರುತ್ತದೆ, ಇರುವೆಯ ಹಿಂದೆ ಗಿಡದ ಹೇನೂ ಹಿಟ್ಟುತಿಗಣೆಯೂ ಬರುತ್ತವೆ.

ಪ್ರಶ್ನೆ (ದಾವಣಗೆರೆ): ಮೇಡಂ, ಇದನ್ನೇ ಹಿಡಿದು ಕೇಳುತ್ತೇನೆ. ಅಷ್ಟು ಮಣ್ಣು ತಾರಸಿಗೆ ಏರಿಸಿದರೆ ಮನೆಗೆ ತೊಂದರೆಯಿಲ್ಲವೇ? ನಮ್ಮ ಯಜಮಾನರು ಇಟ್ಟಿಗೆ ಕಟ್ಟಿ ಪೂರ್ತಿ ತಾರಸಿಗೆ ಒಂದು ಅಡಿ ಮಣ್ಣು ತುಂಬಿಸುತ್ತೇನೆ ಎನ್ನುತ್ತಿದ್ದಾರೆ.

ಉತ್ತರ: ದಯವಿಟ್ಟು ತಡೆಯಿರಿ. ಜನ ಓಡಾಡುವ ತಾರಸಿಗೆ ಮಾನಕದ ಪ್ರಕಾರ ಲೆಕ್ಕ ಹಿಡಿಯುವ ಹೆಚ್ಚುವರಿ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಒದ್ದೆ ಮಣ್ಣು ಲೀಟರಿಗೆ ಸುಮಾರು 1.7 ಕಿಲೋ ತೂಗುತ್ತದೆ. ಒಂದು ಅಡಿ ದಪ್ಪ ತುಂಬಿದರೆ ಚದರ ಮೀಟರಿಗೆ 500 ಕಿಲೋ ದಾಟಿತು. ಹಳೆಯ ಮನೆಯಾದರೆ ಮಾತೇ ಬೇಡ.

20 ಲೀಟರಿನ ಪೇಂಟ್ ಬಕೆಟ್ಟುಗಳನ್ನು ಕೆಳಗೆ ಗೋಡೆ, ತೊಲೆ ಇರುವ ಗೆರೆಯ ಮೇಲೆ ಮಾತ್ರ ಸಾಲಾಗಿ ಇಡಿ, ತಾರಸಿಯ ನಡುಭಾಗ ಖಾಲಿ ಇರಲಿ. ಪ್ರತಿ ಬಕೆಟ್ಟಿನ ಅಡಿಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ನೀರು ನಿಲ್ಲುವುದಿಲ್ಲ, ಕೆಳಗೆ ಗುಡಿಸಲೂ ಆಗುತ್ತದೆ. ಸೊಪ್ಪಿಗೆ ಆರು ಅಂಗುಲ ಮಣ್ಣು ಸಾಕು, ಅದಕ್ಕೆ ಹಣ್ಣಿನ ಮಾರುಕಟ್ಟೆಯ ಪ್ಲಾಸ್ಟಿಕ್ ಕ್ರೇಟಿಗೆ ಗೋಣಿ ಹಾಸಿ ಬಳಸಿ. ಪೇಂಟ್ ಬಕೆಟ್ ಕೊಳ್ಳುವಾಗ ಗೋಡೆಗೆ ಬಳಿಯುವ ನೀರಿನ ಬಣ್ಣದ್ದನ್ನೇ ಕೇಳಿ, ಎಣ್ಣೆ ಬಣ್ಣದ್ದಾಗಲೀ ಕೀಟನಾಶಕದ್ದಾಗಲೀ ಬೇಡ.

ಪ್ರಶ್ನೆ (ಹುಬ್ಬಳ್ಳಿ): ಅಕ್ಕಾವರೇ, ಕಾಂಪೋಸ್ಟ್ ಬಕೆಟ್ ಇಟ್ಟು ಒಂದು ತಿಂಗಳಾಯಿತು. ಮುಚ್ಚಳ ತೆಗೆದರೆ ಕೆಟ್ಟ ವಾಸನೆ, ಒಳಗೆಲ್ಲ ದಪ್ಪ ಹುಳುಗಳು ಹರಿದಾಡುತ್ತಿವೆ. ಮನೆಯವರೆಲ್ಲ ಎಸೆದುಬಿಡು ಎನ್ನುತ್ತಿದ್ದಾರೆ.

ಉತ್ತರ: ಎಸೆಯಬೇಡಿ ತಂಗಿ. ನಿಮ್ಮ ಬಕೆಟ್ಟಿಗೆ ಎರಡೇ ಕೊರತೆ: ಒಣ ಎಲೆ ಮತ್ತು ಗಾಳಿ. ಒಂದು ಬೊಗಸೆ ಅಡುಗೆಮನೆಯ ಹಸಿ ಕಸ ಹಾಕಿದರೆ ಮೇಲೆ ಎರಡು ಬೊಗಸೆ ತರಗೆಲೆ ಬೀಳಬೇಕು. ತರಗೆಲೆ ಸಿಗದಿದ್ದರೆ ಬಡಗಿಯ ಅಂಗಡಿಯ ಮರದ ಹೊಟ್ಟು, ಕಬ್ಬಿನ ರಸದ ಅಂಗಡಿಯ ಒಣಗಿಸಿದ ಸಿಪ್ಪೆ, ಹರಿದ ರಟ್ಟಿನ ಚೂರು ಆದೀತು. ಪ್ಲೈವುಡ್ ಕೊಯ್ದ ಹೊಟ್ಟು ಮಾತ್ರ ಬೇಡ, ಅದರಲ್ಲಿ ಅಂಟು ಇರುತ್ತದೆ.

ಇಂದೇ ಬಕೆಟ್ಟನ್ನು ಗೋಣಿಯ ಮೇಲೆ ಬೋರಲು ಹಾಕಿ, ಒಂದು ಗಂಟೆ ಆರಲು ಬಿಡಿ. ಬಕೆಟ್ಟಿನ ತಳಕ್ಕೂ ಪಕ್ಕಕ್ಕೂ ಕಾದ ಕಬ್ಬಿಣದ ಕಡ್ಡಿಯಿಂದ ಇಪ್ಪತ್ತು ಇಪ್ಪತ್ತೈದು ತೂತು ಮಾಡಿ. ತಳಕ್ಕೆ ನಾಲ್ಕು ಅಂಗುಲ ತರಗೆಲೆ ಹಾಸಿ ಎಲ್ಲವನ್ನೂ ಮತ್ತೆ ತುಂಬುತ್ತ, ನಡುನಡುವೆ ಎಲೆ ಸೇರಿಸಿ. ಒಂದೆರಡು ಹಿಡಿ ತೋಟದ ಮಣ್ಣು ಅಥವಾ ಹುಳಿ ಮಜ್ಜಿಗೆಯಲ್ಲಿ ಕಲಸಿದ ಸಗಣಿ ಹಾಕಿದರೆ ಕೊಳೆಯುವ ಕೆಲಸ ಬೇಗ ಹಿಡಿಯುತ್ತದೆ. ಮೂರು ದಿನಕ್ಕೊಮ್ಮೆ ಕೋಲಿನಿಂದ ಅಡಿಮೇಲು ಮಾಡಿ. ಎರಡು ದಿನದಲ್ಲಿ ವಾಸನೆ ಇಳಿಯದಿದ್ದರೆ ಇನ್ನಷ್ಟು ಒಣ ಎಲೆ ಬೇಕೆಂದು ಅರ್ಥ.

ಬೂದು ಬಣ್ಣದ, ಚಪ್ಪಟೆ ಮೈಯ ಆ ದಪ್ಪ ಹುಳುಗಳು ಸೈನಿಕ ನೊಣದ ಮರಿಗಳು. ಅವು ಗಿಡ ತಿನ್ನುವುದಿಲ್ಲ, ಕಚ್ಚುವುದಿಲ್ಲ, ಆ ನೊಣ ಮನೆಯ ಅನ್ನಕ್ಕೂ ಬಂದು ಕೂರುವುದಿಲ್ಲ. ಕಸವನ್ನು ಅವುಗಳಷ್ಟು ಬೇಗ ಮುಗಿಸುವವರು ಇನ್ನೊಬ್ಬರಿಲ್ಲ. ಒಣ ಎಲೆ ಹೆಚ್ಚಾದಂತೆ ತಾವಾಗಿಯೇ ಕಡಿಮೆಯಾಗುತ್ತವೆ. ನಿಮ್ಮ ಅಂಗಳಕ್ಕೆ ಗುಬ್ಬಿ, ಮೈನಾ ಬರುತ್ತವಾದರೆ ಒಂದು ತಟ್ಟೆಯಲ್ಲಿ ಹಾಕಿಡಿ, ಅರ್ಧ ಗಂಟೆಯಲ್ಲಿ ತಟ್ಟೆ ಬರಿದಾಗುತ್ತದೆ.

ಪ್ರಶ್ನೆ (ಶಿರಸಿ): ತಂಗೀ, ನನಗೆ ಎಪ್ಪತ್ತೊಂದು ವರ್ಷ, ಅಡಿಕೆ ತೋಟ ಮಗನ ಪಾಲಿಗೆ ಬಿಟ್ಟು ಮನೆಯೆದುರು ತರಕಾರಿ ಮಾಡುತ್ತಿದ್ದೇನೆ. ಸೋರೆಬಳ್ಳಿ ಚಪ್ಪರದ ತುಂಬ ಹಬ್ಬಿದೆ, ಹೂವಿಗೆ ಲೆಕ್ಕವಿಲ್ಲ. ಹೆಬ್ಬೆರಳಷ್ಟು ಮಿಡಿ ಕಾಣಿಸುತ್ತದೆ, ಐದಾರು ದಿನದಲ್ಲಿ ಹಳದಿಯಾಗಿ ಉದುರುತ್ತದೆ. ಸಗಣಿ ಗೊಬ್ಬರ ಬೇಕಾದಷ್ಟು ಹಾಕಿದ್ದೇನೆ. ಯಾರೋ ಹೇಳಿದರೆಂದು ಬೆಳಿಗ್ಗೆ ಎದ್ದು ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸಿಯೂ ನೋಡಿದೆ. ಪ್ರಯೋಜನವಾಗಲಿಲ್ಲ.

ಉತ್ತರ: ಅಣ್ಣಾ, ನೀವು ಮಾಡಿದ ಕೆಲಸ ಸರಿ, ಹೊತ್ತು ತಪ್ಪಿದೆ. ಸೋರೆಯ ಬಿಳಿ ಹೂವು ಅರಳುವುದು ಸಂಜೆ. ಬೆಳಿಗ್ಗೆ ನೀವು ಹೋಗುವಷ್ಟರಲ್ಲಿ ಅದು ಬಾಡಿರುತ್ತದೆ. ಹೀರೆ, ಪಡುವಲ ಕೂಡ ಸಂಜೆಯವೇ. ಕುಂಬಳ ಬೆಳಗಿನ ಜಾವ ಅರಳಿ ಬಿಸಿಲೇರುವ ಮುಂಚೆ ಮುಚ್ಚುತ್ತದೆ. ಸೌತೆ, ಹಾಗಲ ಬೆಳಗಿನವು. ಎಲ್ಲ ಬಳ್ಳಿಗೂ ಒಂದೇ ಹೊತ್ತು ಎಂದುಕೊಂಡು ಎಷ್ಟೋ ಜನ ಬೇಸತ್ತು ಬಿಟ್ಟಿದ್ದಾರೆ.

ಇಂದು ದೀಪ ಹಚ್ಚುವ ಹೊತ್ತಿಗೆ ಚಪ್ಪರದ ಕೆಳಗೆ ನಿಲ್ಲಿ. ಉದ್ದ ತೊಟ್ಟಿನ ಮೇಲೆ ಒಂಟಿಯಾಗಿ ನಿಂತದ್ದು ಗಂಡು. ದಳದ ಹಿಂದೆಯೇ ನವಿರು ರೋಮದ ಪುಟ್ಟ ಸೋರೆಕಾಯಿ ಹೊತ್ತು ಗಿಡ್ಡ ತೊಟ್ಟಿನಲ್ಲಿ ಇರುವುದು ಹೆಣ್ಣು. ಆಗ ತಾನೇ ಅರಳಿದ ಗಂಡು ಹೂವನ್ನು ತೊಟ್ಟಿನ ಸಮೇತ ಕಿತ್ತು ದಳಗಳನ್ನು ಹಿಂದಕ್ಕೆ ಮಡಚಿ. ನಡುವಿನ ದಿಂಡನ್ನು ಬೆರಳಿಗೆ ಸೋಕಿಸಿದರೆ ಹುಡಿ ಅಂಟಬೇಕು. ಅಂಟಿದರೆ ಆ ಹೂವು ಸರಿಯಾಗಿದೆ. ಅದನ್ನು ಹೆಣ್ಣು ಹೂವಿನ ಮೂರು ಸೀಳಿನ ತುದಿಗೆ, ಮೂರಕ್ಕೂ ತಾಗುವಂತೆ, ಹಗುರವಾಗಿ ಸವರಿ. ಒಂದು ಭಾಗಕ್ಕೆ ಮಾತ್ರ ತಾಗಿದರೆ ಕಾಯಿ ಸೊಟ್ಟಗಾಗುತ್ತದೆ. ಒಂದು ಗಂಡು ಹೂವು ಎರಡು ಮೂರು ಹೆಣ್ಣು ಹೂವಿಗೆ ಸಾಕು.

ಗೊಬ್ಬರ ಇನ್ನು ಸಾಕು. ಬಳ್ಳಿ ಈಗಾಗಲೇ ಸೊಕ್ಕಿದೆ. ಕುಡಿಗಳನ್ನು ಅಲ್ಲಲ್ಲಿ ಚಿವುಟಿ, ಪಕ್ಕದ ಕವಲಿನಲ್ಲಿ ಹೆಣ್ಣು ಹೂವು ಹೆಚ್ಚು ಬರುತ್ತದೆ. ಚಿವುಟಿದ ಕುಡಿ ಪಲ್ಯಕ್ಕೆ ಆಗುತ್ತದೆ. ಮಿಡಿಯ ಮೇಲೆ ಸೂಜಿ ಚುಚ್ಚಿದಂಥ ಗುರುತು, ಅಲ್ಲಿ ಅಂಟು ಒಸರಿ ಒಣಗಿದ್ದು ಕಂಡರೆ ಅದು ಹಣ್ಣು ನೊಣದ ಕೆಲಸ. ನಿಂತ ಮಿಡಿಗೆ ಹಳೆಯ ಪತ್ರಿಕೆಯ ಕೊಟ್ಟೆ ಕಟ್ಟಿ. ಉದುರಿದ ಮಿಡಿಯನ್ನು ಗೊಬ್ಬರದ ಗುಂಡಿಗೆ ಎಸೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ವಾರ ಬಿಸಿಲಿಗೆ ಇಡಿ. ಅದರೊಳಗಿನ ಹುಳು ಮಣ್ಣಿಗೆ ಇಳಿದರೆ ಮುಂದಿನ ನೊಣ ಅಲ್ಲಿಂದಲೇ ಏಳುತ್ತದೆ.

ಪ್ರಶ್ನೆ (ಬೆಂಗಳೂರು, ಅಪಾರ್ಟ್‌ಮೆಂಟ್): ಜೀವಾಮೃತವನ್ನು ಮನೆಮಟ್ಟದಲ್ಲಿ ಮಾಡುವ ಅಳತೆ ತಿಳಿಸುತ್ತೀರಾ? ಸಿದ್ಧಪಡಿಸಿದ್ದು ಲೀಟರಿಗಿಷ್ಟು ಎಂದು ಮಾರುತ್ತಾರೆ, ಕೊಳ್ಳಬಹುದೇ?

ಉತ್ತರ: ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರು ಎಕರೆಗೆ ಹೇಳಿದ ಅಳತೆ 200 ಲೀಟರ್ ನೀರಿಗೆ 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ನಿಮ್ಮ ಮನೆಗೆ 10 ಲೀಟರ್ ಸಾಕು. ಅರ್ಧ ಕಿಲೋ ಸಗಣಿ, ಕಾಲು ಲೀಟರಿನಿಂದ ಅರ್ಧ ಲೀಟರ್ ಗಂಜಲ, ತಲಾ 100 ಗ್ರಾಂ ಬೆಲ್ಲ ಮತ್ತು ಹಿಟ್ಟು, ರಾಸಾಯನಿಕ ಕಾಣದ ಮರದ ಬುಡದ ಒಂದು ಚಿಟಿಕೆ ಮಣ್ಣು. ನೆರಳಲ್ಲಿ ಬಟ್ಟೆ ಮುಚ್ಚಿ, ದಿನಕ್ಕೆ ಎರಡು ಸಲ ಕೋಲಾಡಿಸಿ, 48 ಗಂಟೆಯ ಮೇಲೆ ಬಳಸಿ. ವಾರದೊಳಗೆ ಮುಗಿಸಬೇಕು. ಮುಚ್ಚಳ ಬಿಗಿದ ಬಾಟಲಿಯಲ್ಲಿ ತಿಂಗಳುಗಟ್ಟಲೆ ಇಟ್ಟು ಮಾರುವುದನ್ನು ಕೊಳ್ಳಬೇಡಿ. ಅದು ಜೀವ ಇರುವಾಗ ಕೆಲಸ ಮಾಡುವ ವಸ್ತು.

ಇನ್ನೊಂದು ಮಾತು. ಸಗಣಿ ಸಿಗದಿದ್ದರೆ ಇದಕ್ಕಾಗಿ ಊರೆಲ್ಲ ಅಲೆಯಬೇಡಿ. ಕುಂಡದ ಗಿಡಕ್ಕೆ ತಿಂಗಳಿಗೊಮ್ಮೆ ಎರಡು ಹಿಡಿ ಕಾಂಪೋಸ್ಟ್ ಕೊಟ್ಟರೆ ತೋಟ ನಡೆಯುತ್ತದೆ.

ಪ್ರತಿಕ್ರಿಯೆ (ಮಂಡ್ಯ): ಮೇಡಂ, ಇದಕ್ಕೆ ನಾನು ಒಪ್ಪುವುದಿಲ್ಲ. ಐದು ವರ್ಷದಿಂದ ಹಿತ್ತಲಿಗೆ ಜೀವಾಮೃತ ಬಿಟ್ಟು ಬೇರೇನೂ ಹಾಕಿಲ್ಲ. ಬದನೆ, ಮೆಣಸಿನಕಾಯಿ ಮನೆಗೆ ಮಿಕ್ಕು ನೆಂಟರಿಗೂ ಹೋಗುತ್ತದೆ.

ಉತ್ತರ: ನಿಮ್ಮ ಮಾತನ್ನು ನಂಬುತ್ತೇನೆ, ಅಂಥ ಹಿತ್ತಲುಗಳನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ನಿಮ್ಮ ಬದನೆಯ ಬೇರಿಗೆ ಕೆಳಗೆ ಇಳಿದಷ್ಟೂ ನೆಲವಿದೆ, ಮೇಲೆ ಬಿದ್ದ ಎಲೆ, ಕಬ್ಬಿನ ರವದಿಯ ಹೊದಿಕೆಯಿದೆ. ಜೀವಾಮೃತದಲ್ಲಿ ಇರುವ ಜೀವಿಗಳು ಆ ಮಣ್ಣು, ಎಲೆಗಳಲ್ಲಿ ಇರುವುದನ್ನು ಬಿಡಿಸಿ ಗಿಡಕ್ಕೆ ಕೊಡುತ್ತವೆ. ಅಪಾರ್ಟ್‌ಮೆಂಟಿನ ಬಕೆಟ್ಟಿನಲ್ಲಿ ಬಿಡಿಸಿ ಕೊಡಲು ಏನಿದೆ? ಹದಿನೈದು ಇಪ್ಪತ್ತು ಲೀಟರ್ ಮಣ್ಣು ಒಂದು ಬೆಳೆಗೇ ಬರಿದಾಗುತ್ತದೆ. ಅಲ್ಲಿ ಮೊದಲು ಉಗ್ರಾಣ ತುಂಬಬೇಕು, ಬಡಿಸುವವರು ಆಮೇಲೆ ಬರಲಿ. ನೆಲದಲ್ಲಿ ಬೆಳೆಯುವವರು ಹೇಳಿದ್ದನ್ನು ಕುಂಡದಲ್ಲಿ ಬೆಳೆಯುವವರು ಹಾಗೆಯೇ ಮಾಡಿದರೆ ಕೈಸುಟ್ಟುಕೊಳ್ಳುತ್ತಾರೆ ಎಂಬುದಷ್ಟೇ ನನ್ನ ಕಳಕಳಿ.

ಪ್ರಶ್ನೆ (ತುಮಕೂರು): ಅಲಸಂದೆಯ ಕುಡಿ ತುಂಬ ಕಪ್ಪು ಹೇನು. ಹೊಗೆಸೊಪ್ಪು ನೆನೆಸಿದ ನೀರಿಗೆ ಬಟ್ಟೆ ಸೋಪಿನ ಪುಡಿ ಬೆರೆಸಿ ಹೊಡೆಯಿರಿ ಎಂದು ಪಕ್ಕದ ಮನೆಯವರು ಹೇಳಿದರು. ಸಾವಯವವೇ ಅಲ್ಲವೇ?

ಉತ್ತರ: ಗಿಡದಿಂದ ಬಂದದ್ದೆಲ್ಲ ನಿರಪಾಯವಲ್ಲ. ಹೊಗೆಸೊಪ್ಪಿನ ನಿಕೋಟಿನ್ ಮನುಷ್ಯರಿಗೂ ವಿಷ, ಚರ್ಮದಿಂದಲೂ ಒಳಸೇರುತ್ತದೆ. ನಾಳೆ ಕೊಯ್ದು ತಿನ್ನುವ ಕಾಯಿಗೆ ಅದನ್ನು ಹೊಡೆಯಬೇಡಿ. ಹೊಗೆಸೊಪ್ಪಿನಿಂದ ಟೊಮೆಟೊ, ಮೆಣಸಿನ ಗಿಡಗಳಿಗೆ ನಂಜುರೋಗ ದಾಟುವ ಭಯವೂ ಇದೆ. ಸೋಪಿನ ಪುಡಿ ಎಲೆಯನ್ನು ಸುಡುತ್ತದೆ.

ಮೊದಲು ಬೆಳಿಗ್ಗೆ ಕುಡಿಯನ್ನು ಅಂಗೈಯಲ್ಲಿ ಹಿಡಿದು ನೀರಿನ ರಭಸಕ್ಕೆ ತೊಳೆಯಿರಿ. ತೀರಾ ಮುತ್ತಿದ ಕುಡಿಯನ್ನು ಮುರಿದು ನೀರಿಗೆ ಹಾಕಿ. ಮೂರು ದಿನ ಇಷ್ಟೇ ಮಾಡಿ. ಹೇನಿನ ನಡುವೆ ಕಪ್ಪು ಮೈಯ ಮೇಲೆ ಕಿತ್ತಳೆ ಚುಕ್ಕೆಯಿರುವ, ಪುಟ್ಟ ಮೊಸಳೆಯಂತೆ ಉದ್ದನೆಯ ಹುಳು ಕಂಡರೆ ಅದನ್ನು ಮುಟ್ಟಬೇಡಿ. ಅದು ಗುಲಗಂಜಿ ಹುಳುವಿನ ಮರಿ, ಹೇನೇ ಅದರ ಊಟ. ಗುಲಗಂಜಿ ಹುಳುವನ್ನು ಎಲ್ಲರೂ ಗುರುತಿಸುತ್ತಾರೆ, ಮರಿಯನ್ನು ಗುರುತಿಸದೆ ಹೊಸಕಿಬಿಡುತ್ತಾರೆ. ನನಗೆ ಬಹಳ ಸಂಕಟವಾಗುವ ವಿಷಯವಿದು.

ಆದರೂ ಹತೋಟಿಗೆ ಬರದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ. ಎಣ್ಣೆ ನೀರಿನಲ್ಲಿ ಬೆರೆಯಲು ನಾಲ್ಕು ಅಂಟುವಾಳದ ಕಾಯಿ ನೆನೆಸಿ ಕಿವುಚಿದ ನೀರು ಸೇರಿಸಿ ಚೆನ್ನಾಗಿ ಕಡೆಯಿರಿ. ಸಂಜೆ, ಎಲೆಯ ಹಿಂಬದಿಗೆ ಬೀಳುವಂತೆ ಹೊಡೆಯಿರಿ. ಮೊದಲು ಒಂದೇ ಕೊಂಬೆಗೆ ಹೊಡೆದು ಮರುದಿನ ಎಲೆ ಸುಟ್ಟಿಲ್ಲವೆಂದು ನೋಡಿಕೊಳ್ಳಿ.

ಪ್ರಶ್ನೆ (ಕಲಬುರಗಿ, ಬಾಡಿಗೆ ಮನೆ): ಮೇಡಂ, ನಾನು ವಿದ್ಯಾರ್ಥಿನಿ, ಬಾಲ್ಕನಿಯಲ್ಲಿ ನಾಲ್ಕು ಗಂಟೆ ಬಿಸಿಲು. ಕೈಯಲ್ಲಿ 200 ರೂಪಾಯಿ ಇದೆ. ಬೀಜದ ಪೊಟ್ಟಣಗಳಿಗೇ ಅಷ್ಟೂ ಹೋಗುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿನ್ನ ಅಡುಗೆಮನೆಯ ಡಬ್ಬಿಯಿಂದ ಶುರು ಮಾಡು ಮಗಳೇ. ಮೆಂತ್ಯ, ಸಾಸಿವೆ, ಕೊತ್ತಂಬರಿ ಮೂರೂ ಬೀಜಗಳೇ. ಮೆಂತ್ಯ ರಾತ್ರಿ ನೆನೆಸಿ ಚೆಲ್ಲಿದರೆ ಮೂರು ನಾಲ್ಕು ದಿನದಲ್ಲಿ ಮೊಳಕೆ, ಮೂರು ನಾಲ್ಕು ವಾರಕ್ಕೆ ಸೊಪ್ಪು. ಕೊತ್ತಂಬರಿ ಹುಟ್ಟುವುದಿಲ್ಲ ಎಂದು ದೂರುವವರು ಬಹಳ. ನಾವು ಬೀಜವೆನ್ನುವ ಆ ಗುಂಡಗಿನ ಕಾಳು ಒಂದು ಕಾಯಿ, ಅದರೊಳಗೆ ಎರಡು ಬೀಜ ಇರುತ್ತವೆ. ಚಪ್ಪಲಿಯಿಂದ ಹಗುರವಾಗಿ ಉಜ್ಜಿ ಎರಡು ಹೋಳು ಮಾಡಬೇಕು, ಪುಡಿಯಾಗಬಾರದು. ಒಂದು ರಾತ್ರಿ ನೆನೆಸಿ ಬಿತ್ತಿ, ತೆಳುವಾಗಿ ಮಣ್ಣು ಮುಚ್ಚು. ಹತ್ತು ಹನ್ನೆರಡು ದಿನ ತಾಳ್ಮೆಯಿರಲಿ, ಮೇಲ್ಮಣ್ಣು ಒಣಗದಿರಲಿ. ನಿಮ್ಮ ಊರಿನ ಬೇಸಿಗೆಯಲ್ಲಿ ಮಾತ್ರ ಕೊತ್ತಂಬರಿಯ ಗೋಜಿಗೆ ಹೋಗಬೇಡ, ಬೇಗ ಹೂಬಿಟ್ಟು ಮುಗಿಯುತ್ತದೆ. ಆಗ ಹರಿವೆ ಹಾಕು.

ಮಾರುಕಟ್ಟೆಯಿಂದ ತಂದ ಪುದೀನ, ಬಸಳೆಯ ಬಲಿತ ದಂಟನ್ನು ಎಲೆ ಬಿಡಿಸಿದ ಮೇಲೆ ಎಸೆಯದೆ ನೀರಿನ ಲೋಟದಲ್ಲಿ ಇಡು. ವಾರದಲ್ಲಿ ಬೇರು. ದೊಡ್ಡಪತ್ರೆ, ಚಕ್ರಮುನಿ ಸೊಪ್ಪಿನ ಕಡ್ಡಿಯನ್ನು ಅಕ್ಕಪಕ್ಕದ ಮನೆಯಲ್ಲಿ ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಚಕ್ರಮುನಿಯನ್ನು ಬೇಯಿಸಿ, ಮಿತವಾಗಿ ತಿನ್ನಬೇಕು. ಹಸಿಯಾಗಿ ರಸ ಮಾಡಿ ದಿನವೂ ಕುಡಿದವರಿಗೆ ಶ್ವಾಸಕೋಶ ಕೆಟ್ಟ ಉದಾಹರಣೆ ತೈವಾನಿನಲ್ಲಿ ಇದೆ.

ನಾಲ್ಕು ಗಂಟೆ ಬಿಸಿಲಿಗೆ ಟೊಮೆಟೊ, ಬೆಂಡೆಯ ಆಸೆ ಸದ್ಯಕ್ಕೆ ಬೇಡ, ಸೊಪ್ಪೇ ನಿನ್ನ ಬೆಳೆ. 200 ರೂಪಾಯಿಯನ್ನು ಪೂರ್ತಿ ಗೊಬ್ಬರಕ್ಕೆ ಹಾಕು. ಕುಂಡಕ್ಕೆ ಹಳೆಯ ಬಕೆಟ್, ಎಣ್ಣೆಯ ಡಬ್ಬ, ಹರಿದ ಗೋಣಿ ನಡೆಯುತ್ತದೆ.

ಪ್ರಶ್ನೆ (ಹಾಸನ): ಬೀಜದ ಮಾತು ಬಂದದ್ದರಿಂದ ಕೇಳುತ್ತೇನೆ. ಕಳೆದ ವರ್ಷ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಚೆನ್ನಾಗಿ ಬಂತು. ಅದರ ಬೀಜ ತೆಗೆದು ಈ ವರ್ಷ ಹಾಕಿದರೆ ಒಂದೊಂದು ಗಿಡ ಒಂದೊಂದು ಬಗೆ. ಎಲ್ಲಿ ತಪ್ಪಾಯಿತು?

ಉತ್ತರ: ತಪ್ಪು ನಿಮ್ಮದಲ್ಲ. ಅರ್ಕಾ ರಕ್ಷಕ್ ಸಂಕರಣ ತಳಿ, ಅಂದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ಮಾಡಿದ ಹೈಬ್ರಿಡ್. ಎಲೆ ಮುದುಡು ನಂಜು, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ತಡೆಯುವ ಒಳ್ಳೆಯ ತಳಿಯೇ. ಆದರೆ ಸಂಕರಣದ ಬೀಜ ಹಿಡಿದರೆ ಮುಂದಿನ ಪೀಳಿಗೆ ಚದುರುತ್ತದೆ. ಬೀಜ ಕೂಡಿಡಬೇಕೆಂದರೆ ಅದೇ ಸಂಸ್ಥೆಯ ಅರ್ಕಾ ವಿಕಾಸ್ ಟೊಮೆಟೊ, ಅರ್ಕಾ ಅನಾಮಿಕಾ ಬೆಂಡೆಯಂಥ ಶುದ್ಧ ತಳಿ ತನ್ನಿ, ಇಲ್ಲವೇ ನಾಟಿ ಬೀಜ ಹುಡುಕಿ. ಒಮ್ಮೆ ಕೊಂಡರೆ ಆಮೇಲೆ ಕೊಳ್ಳುವ ಪ್ರಮೇಯವಿಲ್ಲ.

ಟೊಮೆಟೊ ಬೀಜವನ್ನು ತಿರುಳಿನ ಸಮೇತ ಲೋಟದಲ್ಲಿ ಎರಡು ದಿನ ಹುದುಗಲು ಬಿಡಿ. ಬೀಜದ ಸುತ್ತಲಿನ ಲೋಳೆ ಕರಗಿ ಬೀಜ ತಳಕ್ಕೆ ಇಳಿಯುತ್ತದೆ. ತೊಳೆದು, ಕಾಗದಕ್ಕೆ ಅಂಟುವುದರಿಂದ ಮೊರದಲ್ಲಿ ಹರಡಿ ನೆರಳಲ್ಲಿ ಒಣಗಿಸಿ. ಒಲೆಯ ಬೂದಿ ಬೆರೆಸಿ ಡಬ್ಬಿಗೆ ತುಂಬಿ, ತಳಿಯ ಹೆಸರು, ತಿಂಗಳು ಬರೆದು ಇಡಿ. ನಮ್ಮ ಅಜ್ಜಿ ಹೀರೆಯ ಬೀಜ ಬಿಡಿಸುತ್ತಲೇ ಇರಲಿಲ್ಲ. ಒಣಗಿದ ಇಡೀ ಕಾಯಿಯನ್ನು ಅಡುಗೆಮನೆಯ ಜಂತಿಗೆ ತೂಗುಹಾಕಿದ್ದರು, ಹೊಗೆ ತಾಗಿ ಹುಳು ಹಿಡಿಯುತ್ತಿರಲಿಲ್ಲ. ಮಳೆ ಶುರುವಾಗುವಾಗ ಅಲುಗಾಡಿಸಿದರೆ ತುದಿಯ ತೂತಿನಿಂದ ಬೀಜ ಪಟಪಟನೆ ಉದುರುತ್ತಿದ್ದವು.

ಪ್ರಶ್ನೆ (ಬೆಂಗಳೂರು): 2024ರ ಮಾರ್ಚಿನಲ್ಲಿ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ಮತ್ತೆ ಅಂಥ ಬೇಸಿಗೆ ಬಂದರೆ ನೀರು ಶುದ್ಧೀಕರಣ ಯಂತ್ರದಿಂದ ವ್ಯರ್ಥವಾಗಿ ಹೊರಬರುವ ನೀರನ್ನು ಹಾಕಬಹುದೇ?

ಉತ್ತರ: ಅದೊಂದನ್ನೇ ಹಾಕಿದರೆ ಕುಂಡದಲ್ಲಿ ಉಪ್ಪು ಕಟ್ಟುತ್ತದೆ. ಅಕ್ಕಿ, ತರಕಾರಿ ತೊಳೆದ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ ಹಾಕಿ. ಮಳೆಗಾಲದಲ್ಲಿ ಕುಂಡಗಳು ಚೆನ್ನಾಗಿ ತೊಯ್ದು ತಳದಿಂದ ಹರಿಯಲಿ, ಉಪ್ಪು ಇಳಿದುಹೋಗುತ್ತದೆ. ಬಟ್ಟೆ ತೊಳೆದ ನೀರು ಬೇಡ. ಬೇಸಿಗೆಯಲ್ಲಿ ಕುಂಡಗಳನ್ನು ಒತ್ತೊತ್ತಾಗಿ ಇಟ್ಟು, ತರಗೆಲೆ ದಪ್ಪಗೆ ಹೊದಿಸಿದರೆ ನೀರು ಎಷ್ಟೋ ಉಳಿಯುತ್ತದೆ.

ಪ್ರತಿಕ್ರಿಯೆ (ಶಿರಸಿ, ಎರಡು ವಾರದ ನಂತರ): ತಂಗೀ, ನೀವು ಹೇಳಿದ ದಿನದಿಂದ ಸಂಜೆ ಸಂಜೆ ಬ್ಯಾಟರಿ ಹಿಡಿದು ಚಪ್ಪರದಡಿ ನಿಲ್ಲುತ್ತಿದ್ದೇನೆ, ಮೊಮ್ಮಗಳು ಹೂವು ಹುಡುಕಿ ಕೊಡುತ್ತಾಳೆ. ಒಂಬತ್ತು ಹೂವಿಗೆ ಮುಟ್ಟಿಸಿದ್ದು, ಆರು ಕಾಯಿ ನಿಂತಿವೆ. ಮೊದಲನೆಯದು ಮೊಣಕೈಯುದ್ದ ಆಗಿದೆ. ಕೊಯ್ಯಲೇ? ಬೀಜಕ್ಕೂ ಒಂದು ಬಿಡಬೇಕೆಂದಿದೆ.

ಉತ್ತರ: ಓದಿ ಬಹಳ ಸಂತೋಷವಾಯಿತು ಅಣ್ಣಾ. ಕಾಯಿಗೆ ಉಗುರು ಒತ್ತಿ ನೋಡಿ. ಸಲೀಸಾಗಿ ಇಳಿದರೆ ಇಂದೇ ಕೊಯ್ಯಿರಿ, ತಡ ಮಾಡಿದರೆ ಸಿಪ್ಪೆ ಬಲಿಯುತ್ತದೆ. ಹೆಚ್ಚುವ ಮೊದಲು ಸಣ್ಣ ಚೂರನ್ನು ನಾಲಿಗೆಗೆ ಮುಟ್ಟಿಸಿ ಉಗುಳಿ. ಕಹಿಯಿದ್ದರೆ ಆ ಕಾಯಿಯನ್ನು ಯಾವ ಕಾರಣಕ್ಕೂ ತಿನ್ನಬೇಡಿ, ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ. ಆ ಬಳ್ಳಿಯ ಬೀಜವನ್ನೂ ಇಡಬೇಡಿ.

ಬೀಜಕ್ಕೆ ಈಗಲೇ ಬಿಟ್ಟರೆ ಬಳ್ಳಿ ತನ್ನ ಶಕ್ತಿಯೆಲ್ಲವನ್ನೂ ಅದಕ್ಕೇ ಕೊಟ್ಟು ಹೊಸ ಕಾಯಿ ಹಿಡಿಯುವುದನ್ನು ಕಡಿಮೆ ಮಾಡುತ್ತದೆ. ಆರೇಳು ಕಾಯಿ ತಿಂದ ಮೇಲೆ, ಮೊಗ್ಗು ಬಿರಿಯುವ ಮುಂಚೆಯೇ ಒಂದು ಹೆಣ್ಣು ಹೂವಿಗೂ ಅದೇ ಬಳ್ಳಿಯ ಒಂದು ಗಂಡು ಹೂವಿಗೂ ತುದಿಯಲ್ಲಿ ನೂಲು ಸುತ್ತಿ. ಸಂಜೆ ಬಿಚ್ಚಿ ಮುಟ್ಟಿಸಿ, ಹೆಣ್ಣು ಹೂವಿಗೆ ಮತ್ತೆ ನೂಲು ಕಟ್ಟಿ. ಪಕ್ಕದ ಮನೆಯ ಬೇರೆ ಸೋರೆಯ ಹುಡಿ ಸೇರುವುದಿಲ್ಲ, ಬೀಜ ಶುದ್ಧವಾಗಿರುತ್ತದೆ. ಆ ಕಾಯಿ ಬಳ್ಳಿಯಲ್ಲೇ ಒಣಗಿ, ಅಲುಗಿಸಿದರೆ ಒಳಗೆ ಬೀಜ ಸದ್ದು ಮಾಡುವವರೆಗೂ ಬಿಡಬೇಕು. ಅದರ ತೊಟ್ಟಿಗೆ ಕಟ್ಟಲು ಇವತ್ತೇ ಒಂದು ಕೆಂಪು ಬಟ್ಟೆಯ ಚೂರು ಎತ್ತಿಟ್ಟುಕೊಳ್ಳಿ. ಗುರುತಿಲ್ಲದಿದ್ದರೆ ಮನೆಯವರು ಯಾರಾದರೂ ಸಾಂಬಾರಿಗೆಂದು ಕೊಯ್ದುಬಿಡುತ್ತಾರೆ.